ಜಾವಾ ದ್ವೀಪದ ಇಸ್ಲಾಮೀ ವಿದ್ಯಾಶಾಲೆಗಳಲ್ಲಿ ಉಪಾಸನೆಯ ಶಿಕ್ಷಣ

ಇಂಡೊನೇಷ್ಯದ ಜಾವಾ ದ್ವೀಪದಲ್ಲಿ ಮುಸ್ಲಿಮರು ರಂಜಾನ್ ಮಾಸದಲ್ಲಿ ಆಚರಿಸುವ ವ್ರತಕ್ಕೆ ‘ಪುವಾಸ’ ಎಂದು ಹೆಸರು. ಇದು ಸಂಸ್ಕೃತದ ಉಪವಾಸಶಬ್ದದ ರೂಪಾಂತರವೆಂಬುದು ಶಬ್ದಶಾಸ್ತ್ರಜ್ಞರಿಗೆ ಸುವಿದಿತವಾಗಿದೆ. ಮತವೆಂಬ ಅರ್ಥದಲ್ಲಿ ಅವರು ಬಳಸುವ ಶಬ್ದವು ‘ಆಗಮ’. ಸತ್ಕರ್ಮದ ಫಲಕ್ಕೆ ‘ಪಹಲ’ ಎಂದೂ, ಪಾಪಕ್ಕೆ ‘ದೋಸ’ ಎಂದೂ, ಸ್ವರ್ಗನರಕಗಳಿಗೆ ‘ಸುರ್ಗ’, ‘ನೆರಕ’ ಎಂದೂ ಹೇಳುವರು. ಕಲಿಸುವವನು ‘ಗುರು’ವೇ ಆಗಿರುವನು. ನಮಾಜಿಗೆ ಆ ಜನರಲ್ಲಿ ರೂಢವಾಗಿರುವ ‘ಸೆಂಬಹ್ಯಾಂಗ್’ ಎಂಬ ಮಾತು ಸಂಸ್ಕೃತವೂ ಅಲ್ಲ, ಅರಬ್ಬಿಯೂ ಅಲ್ಲ, ಅದು ದೇಶ್ಯವು. ‘ಸೆಂಬಹ್’ ಎಂದರೆ ವಂದನೆ, ‘ಹ್ಯಾಂಗ್’ ಎಂದರೆ ದೈವ. ಇಸ್ಲಾಂ ಧರ್ಮವು ಆ ದ್ವೀಪದಲ್ಲಿ ನೆಲೆಗೊಂಡಾಗ ಹಳೆಯ ಶಬ್ದಗಳನ್ನು ಹೊರಗೆ ಹಾಕದೆ ತನ್ನ ಅರ್ಥವನ್ನು ಅವುಗಳಿಗೆ ಕೊಟ್ಟಿತೆಂಬುದಕ್ಕೆ ಇವೆಲ್ಲವೂ ಸಾಕ್ಷಿಗಳು.

ಈ ಎಲ್ಲ ಆಚರಣೆಗಳನ್ನೂ ಒಟ್ಟುಗೂಡಿಸಿ ಹೇಳುವ ಪಾರಿಭಾಷಿಕ ಶಬ್ದವಾದರೋ ಅರಬ್ಬಿಯದು. ಅದು ‘ಇಬಾದತ್’. ಇದರ ಧಾತುವಿನಿಂದಲೇ ‘ಅಬ್ದ್’, ಎಂದರೆ ದಾಸ, ಎಂಬ ಶಬ್ದವು ಹುಟ್ಟಿರುವುದು. ಅಬ್ದುಲ್ಲಾ ಎಂಬ ಹೆಸರಿಗೆ ದೇವರ ದಾಸನೆಂದೇ ಅರ್ಥ. ದಾಸಶಬ್ದದ ಹಿರಿಮೆಯನ್ನು ಬಲ್ಲ ಕನ್ನಡ ವಾಚಕರಿಗೆ ಈ ಭಾವವು ಅಪರಿಚಿತವಾಗಿ ತೋರಲಾರದು. ಇಬಾದತ್ತಿನಲ್ಲಿ ಎರಡು ವಿಧಗಳನ್ನು ಅವರ ಪಂಡಿತರು ಹೇಳುವರು. ನಮಾಜು, ರೋಜಾ, ಜಕಾತು, ಹಜ್ಜು ಮೊದಲಾಗಿ ಕಾಲ ದೇಶ ಕ್ರಮಗಳು ವಿಧಿಯಿಂದಲೇ ಗೊತ್ತಾಗಿರುವುವು ಒಂದು ವಿಧ. ದೇವರ ಪ್ರೀತಿಯನ್ನು ಉದ್ದೇಶಿಸಿ ಮಾಡಿದ ಯಾವ ಒಳ್ಳೆಯ ಕೆಲಸವಾದರೂ ಮತ್ತೊಂದು ವಿಧ. ಮೊದಲನೆಯದನ್ನು ಪಾಠಶಾಲೆಯಲ್ಲಿ ಹೇಳಿಕೊಡುವುದು ಸುಲಭವು. ಎರಡನೆಯದು ಮೊದಲನೆಯದರಿಂದ ಹೇಗೆ ಹುಟ್ಟಬೇಕು, ಅದನ್ನು ಮಕ್ಕಳಲ್ಲಿ ಹುಟ್ಟಿಸಲು ಉಪಾಧ್ಯಾಯನಿಂದ ಸಾಧ್ಯವೇ ಎಂಬುದು ಅಲ್ಲಿಯ ವಿದ್ಯಾಶಾಲೆಗಳನ್ನು ಒಂದು ಶತಮಾನಕ್ಕಿಂತ ಹೆಚ್ಚು ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಹಳೆಯ ಪದ್ಧತಿಯ ವಿದ್ಯಾಸ್ಥಾನಗಳಿಗೆ ಜಾವಾದಲ್ಲಿ ‘ಪೆಸಾಂತ್ರೆನ್’ ಎಂದು ಹೆಸರು. ‘ಸಾಂತ್ರಿ’ಗಳು ವಾಸಿಸುವ ಸ್ಥಳವು ಪೆಸಾಂತ್ರೆನ್. ಸಾಂತ್ರಿ ಎಂಬುದು ‘ಶಾಸ್ತ್ರಿ’ ಶಬ್ದದಿಂದ ಬಂದುದೆಂದು ಕೆಲವರೂ, ತಮಿಳಿನಿಂದ ಬಂದುದೆಂದು ಕೆಲವರೂ ವಾದಿಸಿರುವರು, ನಿರ್ಣಯವಾಗಿಲ್ಲ. ಶಬ್ದದ ಮೂಲವು ಏನೇ ಇರಲಿ, ಅಲ್ಲಿಯ ಪಾಠಕ್ರಮವನ್ನು ಕೇಳಿದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಯು ತನ್ನ ಬಾಲ್ಯವನ್ನು ನೆನೆಯದೆ ಇರಲಾರನು. ಶಿಷ್ಯನೊಬ್ಬನೇ ಗುರುವಿನ ಮುಂದೆ ಕುಳಿತು ಓದಿ ಒಪ್ಪಿಸುವುದಕ್ಕೆ ‘ಸೊರೊಗಾನ್’ ಎಂದು ಹೆಸರು. ಗುರುವು ಓದಿ ಅರ್ಥ ಹೇಳುತ್ತಿರಲು ಶಿಷ್ಯಸಮೂಹವು ಸುತ್ತ ಕುಳಿತು ಕೇಳಿ ಬರೆದುಕೊಳ್ಳುವುದು ‘ಬಂದೊಂಗಾನ್’. ಅರಬ್ಬೀ ವಾಕ್ಯದ ಕೆಳಗೆ ಓರೆಯಾಗಿ ಪ್ರತಿಪದಕ್ಕೂ ಜಾವಾ ಭಾಷೆಯ ಅರ್ಥವನ್ನು ಅರಬ್ಬೀ ಲಿಪಿಯಲ್ಲಿಯೇ ಬರೆದುಕೊಳ್ಳುವರು. ಕರ್ತೃಪದಕ್ಕೆ ‘ಉತಾವಿ’, ವಿಧೇಯಪದಕ್ಕೆ ‘ಇಕು’ ಎಂದು ಗುರುತಿಟ್ಟು ಅನ್ವಯವನ್ನು ಬಿಡಿಸುವ ಈ ಕ್ರಮವು ನಮ್ಮ ಟಿಪ್ಪಣಿಕಾರರ ಕ್ರಮಕ್ಕೆ ಬಹಳ ಸಮೀಪವಾಗಿದೆ.

ಉಪಾಸನೆಯನ್ನು ಕುರಿತು ಅಲ್ಲಿ ಮೊಟ್ಟಮೊದಲು ಹೇಳಿಸುವ ಗ್ರಂಥಗಳಲ್ಲಿ ‘ಸಫೀನತುನ್ನಜಾ’ ಎಂಬುದು ಒಂದು. ಇದು ಹದರಮೌತ್ ದೇಶದಿಂದ ಬಂದು 19ನೆಯ ಶತಮಾನದಲ್ಲಿ ಬಟಾವಿಯ ನಗರದಲ್ಲಿ (ಈಗಿನ ಜಕಾರ್ತ) ತೀರಿಕೊಂಡ ಸಾಲಿಂ ಬಿನ್ ಸುಮೈರ್ ಎಂಬ ವಿದ್ವಾಂಸನ ಕೃತಿ. ಅತ್ಯಂತ ಸಂಕ್ಷೇಪವಾಗಿರುವ ಈ ಪುಸ್ತಕದಲ್ಲಿ ನಮಾಜಿನ ಅಂಗಗಳು 17 ಎಂದು ಎಣಿಸಿದೆ. ನಿಲ್ಲುವುದು, ಪಠಿಸುವುದು, ಬಾಗುವುದು, ನೆಲಕ್ಕೆ ಹಣೆಯನ್ನು ಮುಟ್ಟಿಸುವುದು, ಕುಳಿತುಕೊಳ್ಳುವುದು ಇವೆಲ್ಲವೂ ಆ ಎಣಿಕೆಯಲ್ಲಿ ಬರುವುವು. ಆದರೆ ಮೊದಲನೆಯ ಅಂಗವು ‘ನಿಯ್ಯತ್’. ಕನ್ನಡದಲ್ಲಿ ಪ್ರಾಮಾಣಿಕತೆ, ಒಡೆಯನಲ್ಲಿ ನಿಷ್ಠೆ ಎಂಬ ಅರ್ಥದಲ್ಲಿ ‘ನಿಯತ್ತು’ ಎಂಬ ಮಾತು ಬಳಕೆಯಲ್ಲಿದೆಯಷ್ಟೆ. ಇದು ಆ ಅರಬ್ಬೀ ಶಬ್ದವೇ. ಧರ್ಮಶಾಸ್ತ್ರದಲ್ಲಿ ಅದಕ್ಕೆ ಸಂಕಲ್ಪವೆಂದು ಅರ್ಥ. ಅದರ ಸ್ಥಾನವು ಹೃದಯವೆಂದು ಶಾಸ್ತ್ರಕಾರರು ಹೇಳುವರು. ಉಳಿದ ಅಂಗಗಳನ್ನು ಉಪಾಧ್ಯಾಯನು ಕಣ್ಣಿನಿಂದ ನೋಡಬಲ್ಲನು, ಕಿವಿಯಿಂದ ಕೇಳಬಲ್ಲನು, ತಪ್ಪಿದರೆ ತಿದ್ದಬಲ್ಲನು. ಯಾವುದಿಲ್ಲದಿದ್ದರೆ ಮಿಕ್ಕವೆಲ್ಲವೂ ವ್ಯರ್ಥವೋ ಆ ಮೊದಲನೆಯ ಅಂಗವನ್ನೇ ಅವನು ನೋಡಲಾರನು. ಉಪಾಸನೆಯ ಶಿಕ್ಷಣದ ಕಷ್ಟವೆಲ್ಲವೂ ಇಲ್ಲಿಯೇ ಇರುವುದು.

ಈ ನಿಯ್ಯತ್ತನ್ನು ‘ಉಸಲ್ಲೀ’ ಎಂದು ಆರಂಭಿಸಿ ಬಾಯಿಂದ ಉಚ್ಚರಿಸಬೇಕೆ, ಮನಸ್ಸಿನಲ್ಲಿ ಇದ್ದರೆ ಸಾಕೆ ಎಂಬ ವಿಷಯದಲ್ಲಿ ಜಾವಾದ ಹಳಬರಿಗೂ ಹೊಸಬರಿಗೂ ದೊಡ್ಡ ವಾದವೇ ನಡೆದುಹೋಗಿದೆ. ದೇಶಕಾಲಗಳನ್ನು ಹೇಳಿ ಸಂಕಲ್ಪವನ್ನು ಗಟ್ಟಿಯಾಗಿ ಉಚ್ಚರಿಸುವ ನಮ್ಮವರಿಗೆ ಹಳಬರ ಪಕ್ಷವು ಸಹಜವಾಗಿ ತೋರಬಹುದು. ಹೊಸಬರು ಅದು ಪೈಗಂಬರರ ಆಚರಣೆಯಲ್ಲಿ ಇರಲಿಲ್ಲವೆಂದು ಬಿಟ್ಟರು. ಹೊರಗಿನವರಿಗೆ ಇದು ಅಲ್ಪವಿಷಯವಾಗಿ ಕಾಣಬಹುದಾದರೂ ಮಕ್ಕಳಿಗೆ ಕಲಿಸುವವನಿಗೆ ಅಲ್ಪವಲ್ಲ. ಉಚ್ಚರಿಸಿದುದನ್ನಾದರೆ ಅವನು ಕೇಳಬಹುದಲ್ಲವೆ!

ಹೊಸಬರೆಂದು ಮೇಲೆ ಹೇಳಿದವರಲ್ಲಿ ಅಗ್ರಗಣ್ಯರು ಕಿಯಾಯಿ ಹಾಜಿ ಅಹಮದ್ ದಹಲಾನ್ ಅವರು (1868–1923). ಕಿಯಾಯಿ ಎಂಬುದು ಮತಗುರುಗಳಿಗೆ ಅಲ್ಲಿ ಸಲ್ಲುವ ಗೌರವನಾಮ. ಅಯೋಧ್ಯೆಯ ಹೆಸರನ್ನು ಹೊತ್ತಿರುವ ಯೋಗ್ಯಕರ್ತ ನಗರದಲ್ಲಿ ಸುಲ್ತಾನರ ಮಹಾಮಸೀದಿಗೆ ಹೊಂದಿಕೊಂಡಿರುವ ಕೌಮಾನ್ ಎಂಬ ಕೇರಿಯು ಇವರ ಜನ್ಮಸ್ಥಳ. ತಂದೆಯಂತೆಯೇ ಇವರೂ ಆ ಮಸೀದಿಯಲ್ಲಿ ಪ್ರವಚನಾಧಿಕಾರಿಗಳಾಗಿದ್ದರು. ಬಾತಿಕ್ ಬಟ್ಟೆಯ ವ್ಯಾಪಾರವನ್ನೂ ಮಾಡುತ್ತಿದ್ದರು. ಮೆಕ್ಕೆಯಲ್ಲಿ ವ್ಯಾಸಂಗ ಮಾಡಿ ಬಂದಮೇಲೆ ಇವರಿಗೆ ಒಂದು ಸಂಗತಿಯು ಕಣ್ಣಿಗೆ ಬಿದ್ದಿತು. ಜಾವಾದ ಅನೇಕ ಮಸೀದಿಗಳು ನೇರ ಪಶ್ಚಿಮಕ್ಕೆ ಮುಖವಾಗಿದ್ದುವು; ಆದರೆ ಅಲ್ಲಿಂದ ಮೆಕ್ಕೆಯ ದಿಕ್ಕು ಪಶ್ಚಿಮಕ್ಕಿಂತ ಸುಮಾರು 24 ಅಂಶಗಳಷ್ಟು ಉತ್ತರಕ್ಕೆ ವಾಲಿರುವುದು. ಇದನ್ನು ತಿದ್ದಲು ಹೊರಟು ತಮ್ಮ ಸ್ವಂತ ಪ್ರಾರ್ಥನಾಗೃಹವನ್ನು ಸರಿಯಾದ ದಿಕ್ಕಿಗೆ ಕಟ್ಟಿಸಿದರು. ನಗರದ ಪ್ರಧಾನ ಧರ್ಮಾಧಿಕಾರಿಗಳು ಒಪ್ಪಲಿಲ್ಲ. 1898ರ ಸುಮಾರಿನಲ್ಲಿ ಅವರ ಅಪ್ಪಣೆಯಂತೆ ಆ ಗೃಹವನ್ನು ಕೆಡವಿಹಾಕಿದರು. ಆಮೇಲೆ ಅದನ್ನು ಮತ್ತೆ ಕಟ್ಟಿದುದೂ ಉಂಟು. ದಹಲಾನ್ ಅವರು ಬಾಹ್ಯವಿಧಿಯನ್ನು ಹಗುರವಾಗಿ ಎಣಿಸಿದವರೆಂದು ಯಾರೂ ಹೇಳಬಾರದೆಂಬುದಕ್ಕಾಗಿ ಈ ವೃತ್ತಾಂತವನ್ನು ಇಲ್ಲಿ ಹೇಳಬೇಕಾಯಿತು. 24 ಅಂಶಗಳಿಗಾಗಿ ತಮ್ಮ ಪ್ರಾರ್ಥನಾಗೃಹವನ್ನೇ ಕಳೆದುಕೊಂಡವರು ಅವರು.

1909ರಲ್ಲಿ ಅವರು ‘ಬುದಿ ಉತೊಮೊ’ (ಉತ್ತಮ ಬುದ್ಧಿ) ಎಂಬ ದೇಶೀಯ ಸಂಘವನ್ನು ಸೇರಿದರು. ಅದರ ಸದಸ್ಯರ ಸಹಾಯದಿಂದ ಡಚ್ ಸರಕಾರದ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ, ನಿಯತವಾದ ವೇಳೆಯ ಹೊರಗೆ, ಮತಪಾಠವನ್ನು ಹೇಳಲು ಅವಕಾಶ ದೊರೆಯಿತು. 1911ರಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿಯೇ ಒಂದು ಪಾಠಶಾಲೆಯನ್ನು ತೆರೆದರು. ಅದರಲ್ಲಿ ಬೆಂಚುಗಳೂ, ಮೇಜುಗಳೂ, ಕರಿಹಲಗೆಯೂ ಇದ್ದುವು. ಕುರಾನಿನೊಡನೆ ಲೌಕಿಕ ವಿಷಯಗಳನ್ನೂ ಹೇಳಿಕೊಡುತ್ತಿದ್ದರು. ಚಾಪೆಯ ಮೇಲೆ ಕುಳಿತು ಕಲಿತ ಹಳಬರು ಇದು ಕ್ರೈಸ್ತ ಡಚ್ಚರ ಅನುಕರಣೆಯೆಂದು ದೂಷಿಸಿದರು. 1912ನೆಯ ನವೆಂಬರ್ 18ರಂದು ‘ಮುಹಮ್ಮದೀಯ’ ಎಂಬ ಸಂಘವು ಸ್ಥಾಪಿತವಾಯಿತು. ಇಂದು ಆ ಸಂಘವು ಸಾವಿರಾರು ಶಾಲೆಗಳನ್ನೂ, ನೂರಕ್ಕೆ ಮೇಲ್ಪಟ್ಟು ಉನ್ನತ ವಿದ್ಯಾಸಂಸ್ಥೆಗಳನ್ನೂ, ಅನೇಕ ಆಸ್ಪತ್ರೆಗಳನ್ನೂ ನಡೆಸುತ್ತಿದೆ.

ಶಾಲೆಗೆ ಬೆಂಚನ್ನು ತಂದುದಕ್ಕಿಂತಲೂ ದೊಡ್ಡದಾದ ನೂತನತ್ವವು ಅವರ ಒಂದು ಪಾಠದಲ್ಲಿ ಕಾಣುವುದು. ಕೌಮಾನಿನಲ್ಲಿ ಮುಂಜಾನೆಯ ನಮಾಜಿನ ತರುವಾಯ ತರುಣಶಿಷ್ಯರಿಗೆ ಅವರು ಕುರಾನಿನ ವ್ಯಾಖ್ಯಾನವನ್ನು ಹೇಳುತ್ತಿದ್ದರು. ಒಮ್ಮೆ 107ನೆಯ ಅಧ್ಯಾಯವಾದ ‘ಅಲ್-ಮಾಊನ್’ ಎಂಬುದನ್ನು ತೆಗೆದುಕೊಂಡರು. ಅದರಲ್ಲಿ ಇರುವುವು 7 ವಾಕ್ಯಗಳು ಮಾತ್ರ. ಅನಾಥನಾದ ಶಿಶುವನ್ನು ನೂಕುವವನೂ, ಬಡವನಿಗೆ ಅನ್ನವಿಕ್ಕಲು ಪ್ರೇರಿಸದವನೂ ಧರ್ಮವನ್ನೇ ಸುಳ್ಳೆನ್ನುವವನೆಂಬುದು ಪೂರ್ವಾರ್ಧದ ತಾತ್ಪರ್ಯ. ಉತ್ತರಾರ್ಧವಾದರೋ ನಮಾಜು ಮಾಡುವವರಿಗೇ ಹೇಳಿದುದು: ನಮಾಜಿನ ವಿಷಯದಲ್ಲಿ ಮೈಮರೆತವರಾಗಿ, ಜನರು ನೋಡಲೆಂದು ಮಾಡಿ, ನೆರೆಯವರಿಗೆ ಸಣ್ಣಪುಟ್ಟ ಉಪಕಾರವನ್ನು ಸಹ ನಿರಾಕರಿಸುವವರ ಗತಿಯು ಶೋಚನೀಯವೆಂದು ಅಲ್ಲಿ ಎಚ್ಚರಿಕೆಯಿದೆ. ದಹಲಾನ್ ಅವರು ಇದರ ಅರ್ಥವನ್ನು ಹೇಳಿ ಮುಗಿಸಿದರು. ಮರುದಿನವೂ ಅದೇ ಪಾಠ. ಅದರ ಮರುದಿನವೂ ಅದೇ. ಹೀಗೆ ಅನೇಕ ಪ್ರಾತಃಕಾಲಗಳು ಕಳೆದಮೇಲೆ ಶಿಷ್ಯರಿಗೆ ಬೇಸರವಾಯಿತು. ಪಾಠವು ಮುಂದಕ್ಕೆ ಏಕೆ ಹೋಗದೆಂದು ಒಬ್ಬನು ಕೇಳಿದನು; ಕೇಳಿದವನು ಸುಜಾ ಎಂಬ ಶಿಷ್ಯನೆಂದು ಪ್ರತೀತಿ. ಇದು ನಿಮಗೆ ಬಂದಿತೆ ಎಂದು ಗುರುಗಳು ಕೇಳಲು, ಕಂಠಪಾಠವಾಗಿದೆ, ನಮಾಜಿನಲ್ಲಿಯೂ ಪಠಿಸುತ್ತಿದ್ದೇವೆ ಎಂದು ಶಿಷ್ಯರು ಹೇಳಿದರು. ಆಚರಣೆಗೆ ಬಂದಿತೆ ಎಂಬುದು ಗುರುಗಳ ಪ್ರಶ್ನೆಯಾಗಿದ್ದಿತು. ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಊರಿನಲ್ಲಿ ಬಡವರನ್ನೂ ಅನಾಥರನ್ನೂ ಹುಡುಕಿ ಮನೆಗೆ ಕರೆತಂದು, ಸಾಬೂನಿನಿಂದ ಮೈತೊಳೆಸಿ, ಶುಚಿಯಾದ ಬಟ್ಟೆಯುಡಿಸಿ, ಅನ್ನಪಾನಗಳನ್ನು ಕೊಟ್ಟಮೇಲೆ ಬನ್ನಿರೆಂದು ಎಲ್ಲರನ್ನೂ ಕಳುಹಿಸಿದರು.

ಈ ಕಥೆಯನ್ನು ಮುಹಮ್ಮದೀಯರು ಇಂದಿಗೂ ಹೇಳುತ್ತಿರುವರು. ಅದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ದಹಲಾನ್ ಅವರು ಶಿಷ್ಯರ ಹೃದಯವನ್ನು ಪರೀಕ್ಷಿಸಲು ಹೋಗಲಿಲ್ಲ. ನಿಮ್ಮ ನಮಾಜಿನಲ್ಲಿ ಏಕಾಗ್ರತೆಯಿದ್ದಿತೆ, ಭಕ್ತಿಯಿದ್ದಿತೆ ಎಂದು ಕೇಳಿದ್ದರೆ ಇದ್ದಿತೆಂದೇ ಎಲ್ಲರೂ ಹೇಳುತ್ತಿದ್ದರು. ಅವರು ಕೇಳಿದುದು ಬೀದಿಯಲ್ಲಿರುವ ಶಿಶುವನ್ನು. ಉಪಾಸನೆಯ ಒಳಮೌಲ್ಯವು ನೋಡಲು ಸಿಗದಿರುವಾಗ, ಅದರ ಫಲವು ಹೊರಗೆ ಇನ್ನೊಬ್ಬನ ಹೊಟ್ಟೆಯಲ್ಲಿಯೂ ಮೈಮೇಲೆಯೂ ಕಾಣುವುದೋ ಇಲ್ಲವೋ ಎಂದು ನೋಡಿದರು. ಸಾಬೂನಿನ ಮಾತು ಅಲ್ಪವಾಗಿ ತೋರಬಹುದು. ಆದರೆ ಕೊಳೆಯಾದ ಮೈಯನ್ನು ತನ್ನ ಕೈಯಿಂದಲೇ ತೊಳೆಯುವಾಗ, ಜನರು ನೋಡಲೆಂಬ ಆಸೆಗೆ ಹೆಚ್ಚು ಎಡೆಯಿರುವುದಿಲ್ಲ. ಈ ಪಾಠದ ಪರಿಣಾಮವು ಅಲ್ಲಿಗೆ ನಿಲ್ಲಲಿಲ್ಲ. 1923ರಲ್ಲಿ ಆ ಸಂಘವು ಯೋಗ್ಯಕರ್ತದಲ್ಲಿ ಬಡವರಿಗಾಗಿ ತೆರೆದ ಚಿಕಿತ್ಸಾಲಯವು ಇಂದು ದೊಡ್ಡ ಆಸ್ಪತ್ರೆಯಾಗಿದೆ. ದಹಲಾನ್ ಅವರ ಪತ್ನಿ ಸಿತಿ ವಲಿದಾ ಅವರು 1914ರಲ್ಲಿ ಹೆಂಗಸರಿಗಾಗಿ ‘ಸೊಪೊ ತ್ರೆಸ್ನೊ’ ಎಂಬ ಕೂಟವನ್ನು ಆರಂಭಿಸಿದರು. 1917ರಲ್ಲಿ ಅದು ‘ಆಯಿಷೀಯ’ ಎಂಬ ಸಂಘವಾಯಿತು. ತ್ರೆಸ್ನೊ ಎಂಬುದು ನಮ್ಮ ತೃಷ್ಣಾಶಬ್ದವೇ. ಇಲ್ಲಿ ತ್ಯಾಜ್ಯವೆನಿಸಿದ ತೃಷ್ಣೆಯು ಜಾವಾದಲ್ಲಿ ಪ್ರೀತಿಯೆಂಬ ಅರ್ಥವನ್ನು ಪಡೆದು ಇಂತಹ ಕಾರ್ಯಕ್ಕೆ ಹೆಸರಾದುದು ಶಬ್ದಗಳ ಭಾಗ್ಯವೆನ್ನಬೇಕು.

ಎರಡನೆಯ ಮಾರ್ಗವನ್ನು ಹಿಡಿದುದು ಪೂರ್ವಜಾವಾದ ಪೊನೊರೊಗೊ ಪ್ರಾಂತದ ಗೊಂತೊರ್ ಗ್ರಾಮದ ವಿದ್ಯಾಪೀಠ. 1926ರಲ್ಲಿ ಅಹಮದ್ ಸಹಲ್, ಜೈನುದ್ದೀನ್ ಫನಾನಿ, ಇಮಾಂ ಜರ್ಕಶಿ ಎಂಬ ಮೂವರು ಸಹೋದರರು ಇದನ್ನು ಸ್ಥಾಪಿಸಿದರು. ಈ ಮೂವರನ್ನು ಅಲ್ಲಿ ‘ತ್ರಿಮೂರ್ತಿ’ಗಳೆಂದೇ ಕರೆಯುವರು. 1936ರಲ್ಲಿ ಅದರಲ್ಲಿ ಉಪಾಧ್ಯಾಯರನ್ನು ತಯಾರಿಸುವ ತರಗತಿಗಳು ಏರ್ಪಟ್ಟುವು. 1958ರಲ್ಲಿ ಸ್ಥಾಪಕರು ತಮ್ಮ ಆಸ್ತಿಯನ್ನು ಧರ್ಮದತ್ತಿಯಾಗಿ ವಿದ್ಯಾಪೀಠಕ್ಕೇ ಬಿಟ್ಟುಕೊಟ್ಟರು. ಹಳೆಯ ಗ್ರಂಥಪಾಠಕ್ಕೆ ಬದಲಾಗಿ ತರಗತಿ, ಗಂಟೆ, ಪರೀಕ್ಷೆಗಳನ್ನು ಇಟ್ಟುಕೊಂಡ ಈ ಸಂಸ್ಥೆಯು ಆಶ್ರಮವಾಸವನ್ನು ಮಾತ್ರ ಬಿಡಲಿಲ್ಲ. (ವಿದ್ಯಾರ್ಥಿನಿಲಯಕ್ಕೆ ಇಂಡೊನೇಷ್ಯದ ಭಾಷೆಯಲ್ಲಿ ‘ಅಸ್ರಮ’ ಎಂದೇ ಹೆಸರು.) ಗೊಂತೊರಿನವರು ತಮ್ಮ ಜೀವನಕ್ಕೆ ‘ಪಂಚಜೀವ’ಗಳನ್ನು ಹೇಳಿಕೊಂಡಿರುವರು: ನಿಷ್ಕಪಟತೆ, ಸರಳತೆ, ಸ್ವಾವಲಂಬನ, ಸಹೋದರಭಾವ, ಸ್ವಾತಂತ್ರ್ಯ. ಇವುಗಳಲ್ಲಿ ಮೊದಲನೆಯದಾದ ‘ಇಖ್ಲಾಸ್’, ಎಂದರೆ ಫಲವನ್ನೂ ಕೀರ್ತಿಯನ್ನೂ ಬಯಸದೆ ದೇವರಿಗಾಗಿಯೇ ಮಾಡುವುದು, ಪಾಠದ ಪುಸ್ತಕದಲ್ಲಿ ಕಲಿಯತಕ್ಕ ವಿಷಯವಲ್ಲ. ಒಟ್ಟಿಗೆ ಏಳುವುದು, ಒಟ್ಟಿಗೆ ನಮಾಜು ಮಾಡುವುದು, ಗುಡಿಸುವುದು, ಸರದಿಯಂತೆ ಕಾವಲಿರುವುದು ಇವುಗಳ ನಡುವೆ ತಾನಾಗಿ ಹತ್ತಬೇಕಾದುದು ಎಂಬುದು ಅವರ ನಂಬಿಕೆ. ಇದರ ಹಿಂದೆ ಹಳೆಯ ಪ್ರಮಾಣವೂ ಇದೆ. 1111ರಲ್ಲಿ ದೇಹಬಿಟ್ಟ ಇಮಾಂ ಗಜಾಲಿಯು ತನ್ನ ‘ಇಹ್ಯಾ’ ಎಂಬ 40 ಪ್ರಕರಣಗಳ ಮಹಾಗ್ರಂಥದಲ್ಲಿ ಮೊದಲ ಕಾಲುಭಾಗವನ್ನು ಉಪಾಸನೆಗೇ ಮೀಸಲಿಟ್ಟು, ಮುಂದೆ ಚಿತ್ತಶಿಕ್ಷಣದ ಪ್ರಕರಣದಲ್ಲಿ, ಮೊದಲು ಪ್ರಯತ್ನದಿಂದ ಮಾಡಿದ ಕರ್ಮವೇ ಅಭ್ಯಾಸಬಲದಿಂದ ಸ್ವಭಾವವಾಗುವುದೆಂದು ಪ್ರತಿಪಾದಿಸಿರುವನು. ಮಕ್ಕಳಿಗೆ 7ನೆಯ ವಯಸ್ಸಿನಲ್ಲಿ ನಮಾಜಿಗೆ ಹೇಳಬೇಕು, 10ನೆಯ ವಯಸ್ಸಿನಲ್ಲಿ ಬಿಟ್ಟರೆ ಶಿಕ್ಷಿಸಬೇಕು ಎಂಬ ಪ್ರಸಿದ್ಧವಾದ ಪೈಗಂಬರವಚನವನ್ನೂ ಈ ಅಭ್ಯಾಸಪಕ್ಷದವರು ಆಧಾರವಾಗಿ ತೆಗೆದುಕೊಳ್ಳುವರು. ಜಾವಾದ ತಾಯಂದಿರು ಇದಕ್ಕಿಂತ ಮೃದುವಾದ ಉಪಾಯವನ್ನು ಬಲ್ಲರು. ಚಿಕ್ಕ ಮಕ್ಕಳು ಮಸೀದಿಯ ಮಧ್ಯಾಹ್ನದ ಭೇರಿಯು (‘ಬೆದುಗ್’) ಬಾರಿಸುವವರೆಗೆ ಮಾತ್ರ ಉಪವಾಸವಿದ್ದು ಊಟಮಾಡುವುದುಂಟು. ಇದಕ್ಕೆ ‘ಭೇರಿಯ ಉಪವಾಸ’ವೆಂದೇ ಹೆಸರು.

ಗೃಹದಲ್ಲಿಯೂ ಆಶ್ರಮದಲ್ಲಿಯೂ ನಡೆಯುವ ಅಭ್ಯಾಸವನ್ನು ಸರಕಾರದ ಶಾಲೆಗೆ ತಂದಾಗ ತೊಡಕು ಪ್ರಾರಂಭವಾಗುವುದು. ಇಂಡೊನೇಷ್ಯವು 1945ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿತು. 1946ರ ಜನವರಿಯಲ್ಲಿ ಮತಶಾಖೆಯ ಸಚಿವಾಲಯವು ಏರ್ಪಟ್ಟಿತು. 1966ರಲ್ಲಿ ಮತಶಿಕ್ಷಣವು ಸರಕಾರದ ಶಾಲೆಗಳೆಲ್ಲದರಲ್ಲಿಯೂ ಕಡ್ಡಾಯವಾಯಿತು. 1975ರಲ್ಲಿ ಮೂವರು ಸಚಿವರು ಕೂಡಿ ಹೊರಡಿಸಿದ ನಿರ್ಣಯದಂತೆ ಮದರಸಾಗಳಲ್ಲಿ ಲೌಕಿಕ ವಿಷಯಗಳಿಗೆ ಶೇಕಡಾ 70ರಷ್ಟು, ಮತವಿಷಯಗಳಿಗೆ 30ರಷ್ಟು ಪಾಲು ನಿಶ್ಚಿತವಾಗಿ, ಅಲ್ಲಿಯ ಪ್ರಮಾಣಪತ್ರಕ್ಕೆ ಇತರ ಶಾಲೆಗಳ ಪ್ರಮಾಣಪತ್ರದೊಡನೆ ಸಮಾನತೆಯು ದೊರೆಯಿತು. 2003ರ ಶಿಕ್ಷಣಕಾಯಿದೆಯು ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಮತದ ಶಿಕ್ಷಣವನ್ನು ಆ ಮತದ ಉಪಾಧ್ಯಾಯನಿಂದಲೇ ಪಡೆಯುವ ಹಕ್ಕನ್ನು ಕೊಟ್ಟಿತು. 2013ರ ಪಠ್ಯಕ್ರಮದಲ್ಲಿ ಈ ಪಾಠಕ್ಕೆ ‘ಮತಶಿಕ್ಷಣ ಮತ್ತು ಬುದಿ ಪೆಕೆರ್ತಿ’ ಎಂದು ಹೆಸರಿಟ್ಟು, ಪ್ರಾಥಮಿಕ ತರಗತಿಗಳಲ್ಲಿ ವಾರಕ್ಕೆ 4, ಮೇಲಿನ ತರಗತಿಗಳಲ್ಲಿ 3 ಪಾಠದ ವೇಳೆಗಳನ್ನು ಕೊಟ್ಟರು. ಬುದಿ ಪೆಕೆರ್ತಿ ಎಂದರೆ ಶೀಲ. ಬುದ್ಧಿ, ಪ್ರಕೃತಿ ಎಂಬ ಶಬ್ದಗಳಿಂದ ಇದು ಬಂದುದೆಂದು ಸಾಮಾನ್ಯವಾಗಿ ಹೇಳುವರು.

ಆ ಪಠ್ಯಕ್ರಮದ ವಿಶೇಷವೇನೆಂದರೆ, ವಿದ್ಯಾರ್ಥಿಯ ಜ್ಞಾನವನ್ನಲ್ಲದೆ ಅವನ ‘ಆಧ್ಯಾತ್ಮಿಕ ಮನೋಭಾವ’ವನ್ನೂ ಬೇರೆಯಾಗಿಯೇ ಬೆಲೆಕಟ್ಟಿ ವರದಿಪತ್ರದಲ್ಲಿ ಬರೆಯಬೇಕೆಂದು ಅದರಲ್ಲಿ ವಿಧಿಸಿದ್ದರು. ಉಪಾಧ್ಯಾಯನು ನೋಡಿ ಬರೆದುಕೊಂಡ ಟಿಪ್ಪಣಿ, ವಿದ್ಯಾರ್ಥಿಯು ತನ್ನನ್ನು ಕುರಿತು ತಾನೇ ಹೇಳುವ ಮಾತು, ಸಹಪಾಠಿಗಳು ಹೇಳುವ ಮಾತು ಇವು ಅದಕ್ಕೆ ಸಾಧನಗಳು. ವೇಳೆಗೆ ಸರಿಯಾಗಿ ಉಪಾಸನೆ ಮಾಡುವನೆ, ಕೆಲಸದ ಮೊದಲೂ ಕಡೆಯಲ್ಲಿಯೂ ಪ್ರಾರ್ಥಿಸುವನೆ ಎಂಬುವು ನೋಡತಕ್ಕ ಲಕ್ಷಣಗಳು. ಇದನ್ನು ಏರ್ಪಡಿಸಿದವರ ಉದ್ದೇಶವು ಒಳ್ಳೆಯದೇ ಆಗಿದ್ದಿತು. ಕಂಠಪಾಠಕ್ಕೆ ಮಾತ್ರ ಅಂಕವಿದ್ದರೆ ನಡತೆಯನ್ನು ಯಾರೂ ಗಣಿಸರೆಂದು ಅವರು ಭಾವಿಸಿದರು. ಆದರೆ ಜನರು ನೋಡಲೆಂದು ಮಾಡುವ ನಮಾಜನ್ನು ಖಂಡಿಸುವ ಅಧ್ಯಾಯವನ್ನು ಬಾಲಕನಿಗೆ ಕಲಿಸಿ, ಅವನು ನಮಾಜು ಮಾಡುವುದನ್ನು ನೋಡಿ ಬರೆದುಕೊಳ್ಳಲು ಅವನ ನೆರೆಯವನನ್ನೇ ನೇಮಿಸುವುದು ಹೇಗೆ ಸಂಗತವಾಗುವುದು? ಈ ದೋಷಕ್ಕೆ ಅರಬ್ಬಿಯಲ್ಲಿ ‘ರಿಯಾ’ ಎಂದು ಹೆಸರು. ಗಜಾಲಿಯು ಇದರ ಖಂಡನೆಗಾಗಿಯೇ ಒಂದು ಪ್ರಕರಣವನ್ನು ರಚಿಸಿರುವನು. 2024ರಲ್ಲಿ ರಾಷ್ಟ್ರದ ಪಠ್ಯಕ್ರಮವಾಗಿ ಅಂಗೀಕೃತವಾದ ನೂತನಕ್ರಮದಲ್ಲಿ ಈ ಪ್ರತ್ಯೇಕವಾದ ವಿಭಾಗವು ಉಳಿಯಲಿಲ್ಲ.

ವರದಿಪತ್ರಕ್ಕಿಂತ ಹಳೆಯದೂ ಜನಪ್ರಿಯವೂ ಆದ ಇನ್ನೊಂದು ಪದ್ಧತಿಯುಂಟು. ರಂಜಾನ್ ಬಂದಿತೆಂದರೆ ಶಾಲೆಯವರು ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕವನ್ನು ಕೊಡುವರು. ಅಂದು ಉಪವಾಸವಿದ್ದೆನೆ, ಐದು ವೇಳೆಯ ನಮಾಜು ನಡೆಯಿತೆ, ಕುರಾನನ್ನು ಎಷ್ಟು ಓದಿದೆನು, ರಾತ್ರಿಯ ತರಾವೀಹ್ ನಮಾಜಿನಲ್ಲಿ ಯಾರು ಏನನ್ನು ಉಪದೇಶಿಸಿದರು ಎಂಬುದನ್ನು ದಿನದಿನವೂ ತುಂಬಿ, ಉಪದೇಶಕರ ಸಹಿಯನ್ನು ಹಾಕಿಸಿಕೊಂಡು ಬರಬೇಕು. ನಮಾಜು ಮುಗಿದೊಡನೆಯೇ ಇಮಾಮರ ಸುತ್ತ ಮಕ್ಕಳು ಪುಸ್ತಕಗಳನ್ನು ಚಾಚಿ ಮುತ್ತಿಗೆ ಹಾಕುವ ನೋಟವು ಇಂಡೊನೇಷ್ಯದಲ್ಲಿ ಎಲ್ಲರಿಗೂ ಪರಿಚಿತವಾದುದು. ಉಪದೇಶದ ಕಾಲದಲ್ಲಿ ಹೊರಗೆ ಆಡುತ್ತಿದ್ದು ಸಹಿಯ ಕಾಲಕ್ಕೆ ಒಳಗೆ ಬರುವವರೂ, ಪಕ್ಕದವನ ಪುಸ್ತಕವನ್ನು ನೋಡಿ ಸಾರಾಂಶವನ್ನು ಬರೆಯುವವರೂ ಇರುವುದು ಬಾಲಸ್ವಭಾವವೇ ಸರಿ. ಆ ಸಹಿಯು ಬಾಲಕನು ಮಸೀದಿಗೆ ಬಂದನೆಂಬುದಕ್ಕೆ ಪ್ರಮಾಣ, ಅಷ್ಟೆ. ಹಾಗೆಂದು ಈ ಪುಸ್ತಕವನ್ನು ಹಾಸ್ಯಮಾಡಿ ತಳ್ಳಿಬಿಡುವುದೂ ನ್ಯಾಯವಲ್ಲ. ಸಹಿಗಾಗಿ ಬಂದವನು ಮೂವತ್ತು ರಾತ್ರಿಗಳು ಹಿರಿಯರ ಪಂಕ್ತಿಯಲ್ಲಿ ನಿಂತಿರುವನು. ಅಭ್ಯಾಸದ ಮಾರ್ಗವು ಇಷ್ಟನ್ನೇ ಮೊದಲು ಅಪೇಕ್ಷಿಸುವುದು. ಉಪಾಧ್ಯಾಯನು ಆ ಸಹಿಗಳನ್ನು ಎಣಿಸಿ ಅಂಕವನ್ನು ಕೊಟ್ಟು ಕೆಲಸವು ಮುಗಿಯಿತೆಂದು ತಿಳಿದಾಗಲೇ ಹಾನಿ.

ಯಾರೂ ನೋಡದಿರುವಾಗ ಏನಾಗುವುದೆಂಬುದನ್ನು ತಿಳಿಯಲು ಅಲ್ಲಿಯ ಶಾಲೆಗಳಲ್ಲಿ ಮತಪಾಠದ ಹೊರಗೆ ಒಂದು ಪ್ರಯೋಗವು ನಡೆಯಿತು. ಲಂಚದ ಪಿಡುಗನ್ನು ಬಾಲ್ಯದಲ್ಲಿಯೇ ತಡೆಯಬೇಕೆಂದು 2008ರ ಸುಮಾರಿನಲ್ಲಿ ರಾಷ್ಟ್ರದ ಪ್ರಧಾನ ಸರಕಾರೀ ವಕೀಲರ ಕಚೇರಿಯ ಪ್ರೋತ್ಸಾಹದಿಂದ ಅನೇಕ ಶಾಲೆಗಳಲ್ಲಿ ‘ಪ್ರಾಮಾಣಿಕತೆಯ ಅಂಗಡಿ’ಗಳನ್ನು ತೆರೆದರು. ತಿಂಡಿಯನ್ನೂ ಬರೆಯುವ ಸಾಮಾನನ್ನೂ ಇಟ್ಟಿರುವರು, ಬೆಲೆಯನ್ನು ಬರೆದಿರುವರು, ಪಕ್ಕದಲ್ಲಿ ಹಣದ ಪೆಟ್ಟಿಗೆಯಿರುವುದು, ಅಂಗಡಿಯವನಿಲ್ಲ. ಮಕ್ಕಳು ತಾವೇ ಹಣವನ್ನು ಹಾಕಿ, ತಾವೇ ಚಿಲ್ಲರೆಯನ್ನು ತೆಗೆದುಕೊಳ್ಳಬೇಕು. ದೇವರನ್ನು ಕಾಣುತ್ತಿರುವಂತೆಯೂ, ಕಾಣಲಾರದಿದ್ದರೆ ಅವನು ಕಾಣುತ್ತಿರುವನೆಂದು ತಿಳಿದೂ ನಡೆಯುವುದಕ್ಕೆ ಮುಸ್ಲಿಂ ಶಾಸ್ತ್ರದಲ್ಲಿ ‘ಇಹ್ಸಾನ್’ ಎಂದು ಹೆಸರು. ಉಪಾಸನೆಯ ಪರಾಕಾಷ್ಠೆಯು ಅದೇ ಎನ್ನುವರು. ಮತಪಾಠವನ್ನು ಹೇಳುವ ಉಪಾಧ್ಯಾಯರು ಈ ಅಂಗಡಿಯಲ್ಲಿ ಆ ಶಬ್ದಕ್ಕೆ ಒಂದು ದೃಷ್ಟಾಂತವನ್ನು ಕಂಡರೆ ಆಶ್ಚರ್ಯವಿಲ್ಲ. ಅಂಗಡಿಗಳಲ್ಲಿ ಕೆಲವು ನಡೆದುವು. ಪೆಟ್ಟಿಗೆಯ ಹಣವು ಸಾಮಾನಿನ ಬೆಲೆಗೆ ಸಾಲದೆ ಕೆಲವು ಮುಚ್ಚಿಹೋದುವು. ಮುಚ್ಚಿದ ಶಾಲೆಗಳಲ್ಲಿಯೂ ಮಧ್ಯಾಹ್ನದ ನಮಾಜಿನ ಪಂಕ್ತಿಗಳು ಎಂದಿನಂತೆಯೇ ತುಂಬಿದ್ದುವು.